ನನಗಿಂತ ಮೊದಲೇ ನಗುವವನು

ಗಂಡಸರು ನನ್ನನ್ನು ನೋಡಿ ನಕ್ಕರೆ ನನಗೆ ಮೂಗಿನ ತುದಿಯಲ್ಲೇ ಕೋಪ. ಅದರಲ್ಲೂ ಆವತ್ತು ಬ್ಯಾಡರಹಳ್ಳಿಯಿಂದ ಟ್ರಾಫಿಕ್‌ನಲ್ಲಿ ತೆವಳಿಕೊಂಡು ಬಂದು, ಬಸವೇಶ್ವರನಗರದ ಒಂದು ಹೊಂಗೆ ಮರದ ಕೆಳಗೆ ಕಾರು ನಿಲ್ಲಿಸಿ, ಹಸಿದ ಹೊಟ್ಟೆಯಲ್ಲೇ ಲ್ಯಾಪ್‌ಟಾಪ್ ತೆರೆದು ಕೂತಿದ್ದೆ. ಎದುರು ಮನೆಯ ವರಾಂಡದಲ್ಲಿದ್ದವನು ನನ್ನ ಕಡೆ ತಿರುಗಿದ. ತಿರುಗಿದವನೇ ಗೊಳ್ಳೆಂದು ನಕ್ಕ.

ಮೊದಲ ದಿನ ಸುಮ್ಮನಿದ್ದೆ. ಮಾರನೆಯ ಸಂಜೆಯೂ ಅದೇ ಹೊತ್ತಿಗೆ ಅದೇ ನಗು. ಕಾರಿನ ಬಾಗಿಲನ್ನೂ ಹಾಕದೆ ಇಳಿದು ನೇರ ಗೇಟಿಗೆ ಹೋದೆ.

“ಏನ್ರೀ, ನನ್ನ ಮುಖದ ಮೇಲೆ ಏನಾದ್ರೂ ಬರ್ದಿದ್ಯಾ?”

ಅವನು ಗಾಬರಿಯಿಂದ ಎದ್ದು ನಿಂತ. ಮೂವತ್ತರ ಆಸುಪಾಸು, ಕನ್ನಡಕ, ಬೆರಳ ತುದಿಯಲ್ಲಿ ಚಾಕ್‌ಪೀಸಿನ ಬಿಳುಪು.

“ಇಲ್ವಲ್ಲ ಮೇಡಂ. ಯಾಕೆ?”

“ಮತ್ತೆ ದಿನಾ ನಗ್ತೀರಲ್ಲ?”

“ಅಯ್ಯೋ, ನಿಮ್ಮನ್ನ ನೋಡಿ ಅಲ್ಲ. ರೇಡಿಯೋ ನಾಟಕ...” ಎಂದು ಸ್ಟೂಲಿನ ಮೇಲಿದ್ದ ಹಳೆಯ ಪೆಟ್ಟಿಗೆಯನ್ನು ತೋರಿಸುತ್ತಿದ್ದವನು, ಮಾತಿನ ನಡುವೆಯೇ ಬಾಯಿಗೆ ಕೈ ಅಡ್ಡ ಹಿಡಿದು ಮತ್ತೆ ನಕ್ಕ. “ಸಾರಿ, ಮಾವನ ಹಲ್ಸೆಟ್ಟು ಕಾಫಿ ಲೋಟಕ್ಕೆ ಬಿತ್ತು!”

“ಸುಳ್ಳು. ನನ್ನ ಕಾರಲ್ಲೂ ಅದೇ ನಾಟಕ ಹಾಕಿದೀನಿ—”

ಅಷ್ಟರಲ್ಲಿ ನನ್ನ ಬೆನ್ನ ಹಿಂದೆ, ಕಾರಿನೊಳಗಿಂದ ಗುಳುಂ ಎಂಬ ಸದ್ದು, ಅತ್ತೆಯ ಚೀರಾಟ. ಹಲ್ಸೆಟ್ಟು ಆಗ ಬಿತ್ತು. ಜಗಳಕ್ಕೆಂದು ಹೋದವಳು ತುಟಿ ಕಚ್ಚಿ ತಡೆದುಕೊಳ್ಳಲು ನೋಡಿದೆ. ಆಗಲಿಲ್ಲ. ಗೇಟು ಹಿಡಿದುಕೊಂಡು ನಕ್ಕುಬಿಟ್ಟೆ.

ಅವನ ಹೆಸರು ಸುಧೀಂದ್ರ. ಪಿಯು ಕಾಲೇಜಿನಲ್ಲಿ ಗಣಿತದ ಮೇಷ್ಟ್ರು. ನಾನು ಕುಸುಮಾ, ಹೇರೋಹಳ್ಳಿ ಮರಿಯಪ್ಪನವರ ಮಗಳು. ನನ್ನ ಕೆಲಸ ಕಾರಿನ ರೇಡಿಯೋಗಳನ್ನು ಪರೀಕ್ಷೆ ಮಾಡುವುದು. ಕೆಂಗೇರಿಯಿಂದ ಹೊರಟು ರಾಜಾಜಿನಗರದವರೆಗೆ ಕಂಪನಿಯ ಕಾರು ಓಡಿಸುತ್ತಾ, ಡಿಜಿಟಲ್ ಪ್ರಸಾರ ಎಲ್ಲಿ ಸಿಗುತ್ತದೆ, ಎಲ್ಲಿ ಕೈಕೊಡುತ್ತದೆ ಎಂದು ನೋಡಬೇಕು. ಹೊಂಗೆ ಮರದ ಕೆಳಗೆ ಅದು ಚೆನ್ನಾಗಿ ಸಿಗುತ್ತಿತ್ತು. ಅದಕ್ಕೇ ಅಲ್ಲಿ ನಿಲ್ಲಿಸುತ್ತಿದ್ದೆ. ಆಣೆಗೂ ಆಗ ಬೇರೆ ಕಾರಣವಿರಲಿಲ್ಲ.

“ಒಂದೇ ನಿಲಯ, ಒಂದೇ ನಾಟಕ. ನನಗೆ ಮೊದಲು, ನಿಮಗೆ ಆಮೇಲೆ. ಇದ್ಯಾವ ನ್ಯಾಯ?” ಎಂದು ಕೇಳಿದ.

“ಅವರು ಎರಡು ಥರ ಕಳಿಸ್ತಾರೆ. ನಿಮ್ಮಂಥ ಹಳೇ ಸೆಟ್ಟಿಗೆ ಹಳೇ ಥರ, ಹೊಸದಕ್ಕೆ ಡಿಜಿಟಲ್ಲು. ಡಿಜಿಟಲ್ ಅಂದ್ರೆ ಮಾತನ್ನ ಗಂಟು ಕಟ್ಟಿ ಕಳ್ಸೋದು. ಈ ಕಡೆ ಬಿಚ್ಚಿ, ಎಲ್ಲಾ ಸರಿಯಾಗಿದ್ಯಾ ನೋಡಿ, ಆಮೇಲೆ ಕೇಳಿಸ್ಬೇಕು. ಸ್ವಲ್ಪ ತಡ ಆಗುತ್ತೆ.”

“ಅಂದ್ರೆ ಇಷ್ಟು ದೊಡ್ಡ ಕಾರು, ನಮ್ಮಪ್ಪನ ಕಾಲದ ರೇಡಿಯೋಗಿಂತ ಲೇಟು.”

“ಲೇಟಾದ್ರೂ ನೀಟು. ನಿಮ್ದು ಒಗ್ಗರಣೆ ಹಾಕ್ದಂಗೆ ಚರಚರ ಅನ್ನುತ್ತೆ.”

“ಒಗ್ಗರಣೆ ಇಲ್ದೆ ಸಾರು ರುಚಿಸುತ್ತೇನ್ರೀ?”

ಮಾತಿಗೆ ಮಾತು ಕೊಡುವವನು ಸಿಕ್ಕ ಎಂದು ಅಂದುಕೊಂಡೆ. ಕೋಪ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಆಮೇಲಿನ ಸಂಜೆಗಳು ಅರ್ಧ ಎಚ್ಚರ, ಅರ್ಧ ಕನಸು. ಹೊಂಗೆ ಹೂ ಬಿಡುವ ಕಾಲ. ಕಾರಿನ ಗಾಜಿನ ಮೇಲೆ ತಿಳಿ ನೇರಳೆ ಹೂವುಗಳು ಸದ್ದಿಲ್ಲದೆ ಉದುರುತ್ತಿದ್ದವು. ಇಳಿಬಿಸಿಲು ಎಲೆಗಳ ನಡುವಿನಿಂದ ಜಾರಿ ಅವನ ಭುಜದ ಮೇಲೆ ಕೂರುತ್ತಿತ್ತು. ನಾನು ಕಾರಿನಲ್ಲಿ, ಅವನು ವರಾಂಡದಲ್ಲಿ, ನಡುವೆ ಗೇಟು.

ಅವನಿಗೆ ನಗು ಮೊದಲು ಕಣ್ಣಿಗೆ ಬರುತ್ತಿತ್ತು, ಆಮೇಲೆ ಕೆನ್ನೆಗೆ. ಕೊನೆಗೆ ಕನ್ನಡಕ ಸರಿಮಾಡಿಕೊಳ್ಳುವ ನೆಪದಲ್ಲಿ ನನ್ನ ಕಡೆ ನೋಡುತ್ತಿದ್ದ. ನನ್ನ ರೇಡಿಯೋದಲ್ಲಿ ಆ ಮಾತು ಇನ್ನೂ ಬಂದಿರುತ್ತಿರಲಿಲ್ಲ. ನಗುವುದಕ್ಕೆ ಏನೋ ಬರುತ್ತಿದೆ ಎಂದು ಮಾತ್ರ ಅವನ ಮುಖದಿಂದ ತಿಳಿಯುತ್ತಿತ್ತು. ಆ ಚೂರು ಹೊತ್ತು ಅವನು ನನ್ನ ನಗುವಿಗಾಗಿ ಕಾಯುತ್ತಿದ್ದ, ನಾನು ನಾಟಕ ಬಿಟ್ಟು ಅವನನ್ನು ನೋಡುತ್ತಿದ್ದೆ. ಎಷ್ಟೋ ಸಲ ಮಾತೇ ಕೇಳಿಸದೆ ನಕ್ಕಿದ್ದೇನೆ.

ಅವನ ತಾಯಿ ಸೀತಾ ಆಂಟಿ ಒಂದು ಸಂಜೆ ಮಗನ ಕೈಯಲ್ಲಿ ಗೇಟಿನ ತನಕ ಕಾಫಿ ಕಳಿಸಿದರು.

“ಮನೇಲಿ ಯಾರ್ಯಾರು?” ಎಂದ ಅವನು, ಲೋಟ ಕೊಡುತ್ತಾ.

“ನಾನು, ಅಪ್ಪ. ಅಪ್ಪನಿಗೆ ಹೊಲ ಇತ್ತು, ಈಗ ಸೈಟುಗಳು. ಭಾನುವಾರ ಬಂದ್ರೆ ಕೋಳಿಸಾರು ಆಗ್ಲೇಬೇಕು.” ಕೋಳಿಸಾರು ಎನ್ನುವಾಗ ಬೇಕೆಂದೇ ಅವನ ಮುಖ ನೋಡಿದೆ.

“ನಮ್ಮನೇಲಿ ಹುಳಿ. ಎರಡಕ್ಕೂ ಮುದ್ದೆ ನಡೆಯುತ್ತೆ ಬಿಡಿ” ಎಂದ ಮೇಷ್ಟ್ರು. ಕಾಫಿ ಚೆನ್ನಾಗಿತ್ತು. ನಾನು ಸೋತಿದ್ದೆ.

ಆದರೆ ತಿಂಗಳ ಕೊನೆಗೆ ಟೆಸ್ಟಿಂಗ್ ಮುಗಿಯುತ್ತಿತ್ತು. ಕಾರು ವಾಪಸ್ ಹೋದ ಮೇಲೆ ಆ ರಸ್ತೆಗೆ ಬರಲು ನನಗೆ ಯಾವ ನೆಪವೂ ಉಳಿಯುತ್ತಿರಲಿಲ್ಲ. ಅಷ್ಟರೊಳಗೆ ಅವನು ಬಾಯಿ ಬಿಡುತ್ತಾನೋ ಇಲ್ಲವೋ ಎಂಬುದೊಂದೇ ನನಗೆ ಯೋಚನೆ. ನಾನೇ ಕೇಳಬಹುದಿತ್ತು. ಜಗಳಕ್ಕಾದರೆ ಮುಂದೆ ಹೋಗುವ ಕಾಲು ಇದಕ್ಕೆ ಮಾತ್ರ ಹಿಂದೇಟು ಹಾಕುತ್ತಿತ್ತು.

ಸಾಲದ್ದಕ್ಕೆ, ಬರುವ ತಿಂಗಳಿಂದ ಸಂಜೆಯ ಪ್ರಸಾರ ಬರೀ ಡಿಜಿಟಲ್ ಎಂದು ನಿಲಯದವರು ಹೇಳಿದರು.

“ಹಾಗಾದ್ರೆ ನನ್ನ ರೇಡಿಯೋ ಮೂಕನಾ?”

“ಸಂಜೆ ಹೊತ್ತು ಸೊರ್ ಅನ್ನುತ್ತೆ, ಅಷ್ಟೆ.”

“ಒಂದು ಡಿಜಿಟಲ್ ರೇಡಿಯೋ ತಗೊಂಡ್ರೆ?”

“ಡಿಆರ್‌ಎಂ ಅಂತ ಬರ್ದಿರೋದೇ ಆಗ್ಬೇಕು. ಕೆಲವು ಕಾರಲ್ಲಿ ಇರುತ್ತೆ, ಅಂಗಡೀಲಿ ಸುಲಭಕ್ಕೆ ಸಿಗಲ್ಲ. ತಗೊಳ್ಳೋ ಮುಂಚೆ ನನ್ನ ಒಂದ್ಮಾತು ಕೇಳಿ.”

ಅವನು ಕೇಳಲಿಲ್ಲ. ಕೊನೆಯ ಸಂಜೆ ನಾನು ಹೋದಾಗ ವರಾಂಡದಲ್ಲಿ ಒಂದರ ಬದಲು ಎರಡು ಕುರ್ಚಿಗಳಿದ್ದವು. ಗೇಟು ತೆರೆದಿತ್ತು. ಅವನು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಕೈಯಲ್ಲಿ ಒಂದು ಹೊಸ ಡಬ್ಬ ಹಿಡಿದು ನಿಂತಿದ್ದ.

“ಇಂಗ್ಲೆಂಡಿಂದ ಅಕ್ಕ ಬಂದ್ಲು. ತರಿಸ್ದೆ. ಡಿಜಿಟಲ್ ರೇಡಿಯೋ! ಇನ್ಮೇಲೆ ಇಬ್ರೂ...”

ನನ್ನ ಕಣ್ಣು ಡಬ್ಬದ ಮೇಲಿನ ಅಕ್ಷರಗಳಿಗೆ ಹೋಯಿತು. ಡಿಎಬಿ.

“ಅಯ್ಯೋ, ಇದು ಇಲ್ಲಿ ಕೆಲ್ಸ ಮಾಡಲ್ಲ ಸುಧೀಂದ್ರ. ಇದು ಯೂರೋಪ್ ಕಡೆಯ ಥರ. ಇದಕ್ಕೆ ಬೇಕಾದ ಪ್ರಸಾರ ನಮ್ಮಲ್ಲಿಲ್ಲ, ನಮ್ಮಲ್ಲಿರೋ ಪ್ರಸಾರ ಇದಕ್ಕೆ ಅರ್ಥ ಆಗಲ್ಲ. ಎರಡೂ ಡಿಜಿಟಲ್ಲೇ, ಆದ್ರೆ ಬೇರೆ ಬೇರೆ. ಹೇಳಿದ್ನಲ್ಲ, ನನ್ನ ಕೇಳಿ ಅಂತ?”

ಹೇಳುತ್ತಾ ಹೋದೆ. ಯಾವ ಬ್ಯಾಂಡು, ಯಾವ ಚಿಪ್, ಎಲ್ಲ ಹೇಳಿದೆ. ಅವನ ಮುಖ ಮೆಲ್ಲಗೆ ಬಾಡಿತು.

“ಸರಿ ಬಿಡಿ” ಎಂದು ಡಬ್ಬವನ್ನು ಸ್ಟೂಲಿನ ಕೆಳಗಿಟ್ಟ. ನಾಟಕ ಮುಗಿಯುವ ತನಕ ಇಬ್ಬರೂ ನಗಲಿಲ್ಲ. ನಾನು ಎಂದಿನಂತೆ ಕಾರಿನಲ್ಲೇ ಕೂತಿದ್ದೆ.

ಹೇರೋಹಳ್ಳಿಯ ಗುಂಡಿಗಳಲ್ಲಿ ಕಾರು ಏರಿಳಿಯುವಾಗ ತಲೆಗೆ ಹೊಳೆಯಿತು. ಎರಡು ಕುರ್ಚಿ. ತೆರೆದ ಗೇಟು. ಇಸ್ತ್ರಿ ಶರ್ಟು. ‘ಇನ್ಮೇಲೆ ಇಬ್ರೂ’ ಎಂದವನ ಮಾತು ಮುಗಿಸಲು ಬಿಡದೆ ನಾನು ರೇಡಿಯೋ ಪಾಠ ಮಾಡಿದ್ದೆ. ಬುದ್ಧಿ ಇದೆ ಎಂದು ಕಂಪನಿಯವರು ಸಂಬಳ ಕೊಡುತ್ತಾರೆ, ಎಂಥ ದಡ್ಡಿ ನಾನು! ಫೋನ್ ಮಾಡೋಣ ಎಂದರೆ, ಇಷ್ಟು ದಿನ ಗೇಟಿನ ಎರಡೂ ಬದಿ ಕೂತವರು ನಂಬರನ್ನೇ ಕೇಳಿರಲಿಲ್ಲ.

ಹೊಸ ತಿಂಗಳ ಮೊದಲ ಶನಿವಾರ ಸಂಜೆ ಮಾಗಡಿ ರೋಡಿನಿಂದ ಬಸ್ ಹತ್ತಿ ಹೋದೆ. ಕಾರಿಲ್ಲ, ಲ್ಯಾಪ್‌ಟಾಪಿಲ್ಲ, ಕೈಯಲ್ಲಿ ಏನೂ ಇಲ್ಲ. ಬರೀ ಕೈ ಬೀಸಿಕೊಂಡು ಆ ರಸ್ತೆಯಲ್ಲಿ ನಡೆಯುವುದು ಎಷ್ಟು ಕಷ್ಟ ಎಂದು ಆವತ್ತು ಗೊತ್ತಾಯಿತು.

ಅವನು ವರಾಂಡದಲ್ಲಿದ್ದ. ರೇಡಿಯೋ ಆಫ್ ಆಗಿತ್ತು. ಎರಡನೆಯ ಕುರ್ಚಿಯನ್ನು ಯಾರೂ ಒಳಗೆ ತೆಗೆದಿಟ್ಟಿರಲಿಲ್ಲ.

“ಕಾರೆಲ್ಲಿ?”

“ವಾಪಸ್ ಕೊಟ್ವಿ.”

“ಟೆಸ್ಟಿಂಗು?”

“ಮುಗೀತು.” ಗೇಟು ತೆಗೆದು ಒಳಗೆ ಬಂದು, ಯಾರಾದರೂ ಕೂತ್ಕೋ ಅನ್ನುವ ಮೊದಲೇ ಆ ಕುರ್ಚಿಯಲ್ಲಿ ಕೂತೆ. “ಆವತ್ತು ನೀವೇನೋ ಹೇಳ್ತಿದ್ರಿ. ನಾನು ಬಿಡ್ಲಿಲ್ಲ. ಈಗ ಹೇಳಿ.”

ಅವನು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡ.

“ಆ ರೇಡಿಯೋ ತರಿಸಿದ್ದು ನಾಟಕಕ್ಕಲ್ಲ. ನೀವು ಒಳಗೆ ಬಂದು ಪಕ್ಕದಲ್ಲಿ ಕೂತ್ಕೊಳ್ಳಿ ಅಂತ. ಟೆಸ್ಟಿಂಗ್ ಮುಗಿದ್ಮೇಲೂ. ದಿನಾ.” ಕಿವಿ ಕೆಂಪಾಗಿತ್ತು. “ನಿಮ್ಮನ್ನ ಬಿಟ್ಟು ಸಂಜೆ ಕಳೆಯೋಕೆ ನನಗೆ ಬರ್ತಾ ಇಲ್ಲ ಕುಸುಮಾ.”

ಉತ್ತರ ಕೊಡಲು ಬಾಯಿ ತೆರೆದೆ. ಆಗಲೇ ನನ್ನ ಫೋನ್ ರಿಂಗಾಗಬೇಕೇ? ಅಪ್ಪ. ಅವರದು ದೊಡ್ಡ ಗಂಟಲು, ಸ್ಪೀಕರೇ ಬೇಡ.

“ಎಲ್ಲಿದೀಯವ್ವಾ?”

“ಬಸವೇಶ್ವರನಗರದಲ್ಲಿ ಅಪ್ಪ.”

“ಕಾರ್ ಕೊಟ್ಟಾಯ್ತು ಅಂದೆ? ಇನ್ನೇನ್ ಕೆಲ್ಸ ಅಲ್ಲಿ?”

ಸುಧೀಂದ್ರನ ಮುಖ ನೋಡಿದೆ. ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಬೇಡವೆನಿಸಿತು.

“ಕೆಲ್ಸ ಏನಿಲ್ಲಪ್ಪ. ಇಲ್ಲಿ ಒಬ್ರು ಇದಾರೆ. ನನಗೆ ತುಂಬಾ ಇಷ್ಟ. ಅವ್ರ ಜೊತೆ ಕೂತಿರೋಕೆ ಬಂದೆ.”

ಸುಧೀಂದ್ರನ ಕೈ ಕನ್ನಡಕಕ್ಕೆ ಹೋಯಿತು.

“ಯಾರ ಪೈಕಿ?” ಎಂದರು ಅಪ್ಪ.

“ನಮ್ಮ ಪೈಕಿ ಅಲ್ಲ. ಮೇಷ್ಟ್ರು.”

ನನ್ನ ಅಂಗೈ ಮೇಲೆ ಚಾಕ್‌ಪೀಸ್ ಹಿಡಿದು ಒರಟಾದ ಬೆರಳುಗಳು ಬಂದು ಕೂತವು. ನಾನು ಕೈ ತೆಗೆಯಲಿಲ್ಲ.

ಕೊನೆಗೆ ಅಪ್ಪ ಗಂಟಲು ಸರಿಮಾಡಿಕೊಂಡರು. “ರೋಡು ಅಗೆದವ್ರೆ. ಒಬ್ಳೇ ಬರ್ಬೇಡ.”

ಫೋನ್ ಇಟ್ಟರು. ಅಪ್ಪ ಹೇಳಿದ್ದು ಏನೆಂದು ನನಗೆ ಒಮ್ಮೆಲೇ ಅರ್ಥವಾಗಲಿಲ್ಲ. ಅರ್ಥವಾದಾಗ ಕಣ್ಣು ತುಂಬಿತು.

“ನಡೀರಿ” ಎಂದು ಸುಧೀಂದ್ರ ಸ್ಕೂಟರಿನ ಕೀ ಹುಡುಕತೊಡಗಿದ. ಕೀ ಅವನ ಕೈಯಲ್ಲೇ ಇತ್ತು.

ಒಳಗಿನಿಂದ, ಅಷ್ಟೂ ಕೇಳಿಸಿಕೊಂಡಿದ್ದ ಸೀತಾ ಆಂಟಿಯ ದನಿ ಬಂತು: “ಆ ಶರ್ಟಲ್ಲಿ ಹೋಗ್ಬೇಡ ಕಣೋ. ನೀಲೀದು ಹಾಕ್ಕೋ.”