ಶುಕ್ರವಾರದ ಪಾಳಿ

ವಾರ್ಷಿಕ ಸಭೆಯಲ್ಲಿ ಶಾಲು ಹೊದಿಸಿದ್ದು ಮೊಯಿನುದ್ದೀನನಿಗೆ. ಶೇಷಗಿರಿಯವರಿಗೆ ಅದನ್ನು ನುಂಗಿಕೊಳ್ಳಲಾಗಲಿಲ್ಲ.

ಜಕ್ಕೂರಿನ ಅಪಾರ್ಟ್‌ಮೆಂಟುಗಳ ನಡುವೆ ಅಳಿದುಳಿದ ಹನ್ನೆರಡು ಎಕರೆ ಕಾಡನ್ನು ಸ್ಥಳೀಯರೇ ಕಾಯಲಿ ಎಂದು ಒಂಬತ್ತು ವರ್ಷ ಅರ್ಜಿ ಬರೆದವರು ಯಾರು? ಕಾಡು ಸಮಿತಿಯ ಕಾರ್ಯದರ್ಶಿಯಾದ ತಾವು. ಯಾರು ಯಾವ ದಿನ ಕಾಯಬೇಕೆಂಬ ಪಾಳಿಪಟ್ಟಿಯನ್ನು ತಿಂಗಳು ತಿಂಗಳೂ ಗೆರೆ ಹಾಕಿ ಬರೆದವರು? ಅವರೂ ತಾವೇ. ಆದರೆ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ದು ಪಾಳಿಯಲ್ಲಿ ಕಾಡು ಕಾಯುವ ಒಬ್ಬ ನಿವೃತ್ತ ಬಸ್ ಡ್ರೈವರಿಗೆ. ಬರುವ ವರ್ಷ ಅವನೇ ಅಧ್ಯಕ್ಷನಂತೆ!

ಕಾಡಿನ ನಟ್ಟನಡುವೆ ತೊಡೆಗಾತ್ರದ ಒಂದು ಶ್ರೀಗಂಧದ ಮರವಿತ್ತು. ಊರಿಗೆ ಊರೇ ಅದನ್ನು ಮಗುವಿನಂತೆ ಸಾಕಿತ್ತು. ಮೊಯಿನುದ್ದೀನನ ಪಾಳಿಯಲ್ಲೇ ಅದು ಕಳುವಾದರೆ? ಶೇಷಗಿರಿಯವರಿಗೆ ಗಂಧ ಬೇಕಿರಲಿಲ್ಲ, ಬೊಡ್ಡೆಯೊಂದು ಬೇಕಿತ್ತು. ಕಾವಲುಗಾರನ ಮಾನ ಕಳೆಯಲು ಅಷ್ಟು ಸಾಕು.

ಯೋಜನೆಯಲ್ಲಿ ಒಂದು ಬಿರುಕೂ ಇರಲಿಲ್ಲ. ಪಾಳಿಪಟ್ಟಿಯ ಶುಕ್ರವಾರದ ಮನೆಯಲ್ಲಿ ಮೊಯಿನುದ್ದೀನನ ಹೆಸರೊಂದನ್ನೇ ಬರೆದರು. ಒಂದೂಕಾಲಿಗೆ ಅವನು ಜುಮ್ಮಾ ನಮಾಜಿಗೆ ಹೋಗುತ್ತಾನೆ, ಎರಡಕ್ಕೆ ಮರಳುತ್ತಾನೆ. ಮೂರು ವಾರ ಗೇಟಿನಾಚೆ ದೂರದಿಂದ ನೋಡಿ ಖಚಿತಪಡಿಸಿಕೊಂಡಿದ್ದರು. ಅದೇ ಹೊತ್ತಿಗೆ ಪಕ್ಕದ ವಿಮಾನ ತರಬೇತಿ ಶಾಲೆಯ ಹುಡುಗರು ಆಕಾಶದಲ್ಲಿ ಸುತ್ತು ಹೊಡೆಯುತ್ತಾರೆ. ಆ ಸದ್ದಿನಲ್ಲಿ ಬ್ಯಾಟರಿ ಗರಗಸದ ಸದ್ದು ಅಡಗಿಹೋಗುತ್ತದೆ. ಮುಖ ಮುಚ್ಚಿಕೊಳ್ಳುವುದು ಕಳ್ಳರ ಲಕ್ಷಣ. ಅವರು ಎಂದಿನ ಬಿಳಿ ಅಂಗಿಯನ್ನೇ ತೊಟ್ಟರು. ದಾರಿಯಲ್ಲಿ ಕಂಡವರು, ಕಾರ್ಯದರ್ಶಿಗಳು ತಪಾಸಣೆಗೆ ಹೊರಟಿದ್ದಾರೆ ಎಂದುಕೊಳ್ಳಬೇಕು.

ಮೊಯಿನುದ್ದೀನನ ಸ್ಕೂಟರ್ ಗೇಟು ದಾಟಿತು. ಶೇಷಗಿರಿ ಒಳಹೊಕ್ಕರು. ಮೊದಲ ವಿಮಾನ ತಲೆಯ ಮೇಲೆ ಬಂದೊಡನೆ ಗರಗಸ ಒತ್ತಿದರು. ಅರ್ಧ ಕೊಯ್ಯುವಷ್ಟರಲ್ಲಿ ಅದು ಸಿಕ್ಕಿಕೊಂಡಿತು. ವಿಮಾನ ದೂರ ಸರಿಯಿತು. ಅವರು ಗರಗಸವನ್ನು ಮೆಲ್ಲಗೆ ಬಿಡಿಸಿಕೊಂಡು ಮುಂದಿನ ಸುತ್ತಿಗೆ ಕಾದರು. ಎರಡನೆಯ ವಿಮಾನ ಬಂತು, ಮರ ವಾಲಿತು. ಒಂದು ಐವತ್ತಕ್ಕೆ ತುಂಡುಗಳು ಕಾರಿನ ಡಿಕ್ಕಿಯಲ್ಲಿದ್ದವು, ಸಂಜೆಗೆ ಪಾಳುಬಾವಿಯಲ್ಲಿ.

ಭಾನುವಾರ ಸಭೆ ಸೇರಿತು. ಶೇಷಗಿರಿ ಪಾಳಿಪಟ್ಟಿ ಬಿಚ್ಚಿದರು.

"ಶುಕ್ರವಾರ ನಿಮ್ಮ ಪಾಳಿ ಅಲ್ವೇನ್ರೀ ಸಾಬ್ರೇ? ಒಂದೂವರೆಗೆ ಎಲ್ಲಿದ್ರಿ?"

"ನಮಾಜಿಗೆ ಹೋಗಿದ್ದೆ ಸಾರ್. ಸುಳ್ಳು ಹೇಳಲ್ಲ."

"ನೀವು ಅಲ್ಲಿ, ಮರ ಕಳ್ಳರ ಕೈಲಿ! ಬೊಡ್ಡೆ ನೋಡಿದ್ಮೇಲೂ ಎರಡು ದಿನ ಬಾಯಿ ಬಿಡ್ಲಿಲ್ವಲ್ರೀ?"

ಮೊಯಿನುದ್ದೀನ್ ತಲೆ ತಗ್ಗಿಸಿದ. "ಸಭೇಲಿ ನೀವೇ ಹೇಳ್ತೀರಾ ಅಂತ ಸುಮ್ನಿದ್ದೆ ಸಾರ್."

ಹೆದರಿದ್ದಾನೆ, ಎಂದುಕೊಂಡರು ಶೇಷಗಿರಿ. ಗೆಲುವಿನ ಸವಿ ನಾಲಗೆಗೆ ತಾಕಿತು.

ಆಗ ಹಿಂದಿನ ಸಾಲಿನಿಂದ ಹೂವಿನಂಗಡಿಯ ಗೋದಮ್ಮ ಎದ್ದಳು. "ಸಾಬ್ರು ಯಾವತ್ತು ಸಾರ್ ಕಾಡು ಖಾಲಿ ಬಿಟ್ಟು ಹೋಗಿದ್ದು? ಶುಕ್ರವಾರ ಅವ್ರು ನಮಾಜಿಗೆ ಹೋದಾಗ ನಾನು ಕೂತಿರ್ತೀನಿ. ಸೋಮವಾರ ನನ್ನ ಪಾಳೀಲಿ ನಾನು ದೇವಸ್ಥಾನಕ್ಕೆ ಹೋದಾಗ ಅವ್ರು ಕೂತಿರ್ತಾರೆ. ಆರು ವರ್ಷದಿಂದ ಹಿಂಗೇ ನಡ್ಕೊಂಡ್ ಬಂದಿದೆ ಕಣ್ರೀ." ಎರಡು ಮನೆಗಳ ಬಾಯಿಮಾತಿನ ಆ ಒಪ್ಪಂದ ಯಾವ ಪಟ್ಟಿಯಲ್ಲೂ ಇರಲಿಲ್ಲ, ಒಂದು ದಿನವಾದರೂ ಕಾಡಿನಲ್ಲಿ ಕೂತು ಕಾದಿದ್ದರೆ ಕಾರ್ಯದರ್ಶಿಗೂ ಅದು ಗೊತ್ತಿರುತ್ತಿತ್ತು. ಗೋದಮ್ಮ ಇನ್ನೂ ಗೌರವದಿಂದಲೇ ಕೇಳಿದಳು: "ಮೊನ್ನೆ ಶುಕ್ರವಾರಾನೂ ಹುಣಸೇಮರದ ಕೆಳಗೇ ಇದ್ದೆ ಸಾರ್. ನೀವೇ ಕುಯ್ತಿದ್ರಲ್ಲ, ಪರ್ಮಿಷನ್ ಇರುತ್ತೆ ಅಂತ ಸುಮ್ನಾದೆ. ಸಾಬ್ರಿಗೂ ಹಂಗೇ ಹೇಳ್ದೆ. ಪರ್ಮಿಷನ್ ಇತ್ತು ತಾನೇ ಸಾರ್?"