ತಲೆಕೆಳಗಾದ ತೆಂಗಿನಮರ

ಕಳೆದ ಮಾಗಿಯಲ್ಲಿ ಹಂದನಕೆರೆಯ ನಮ್ಮ ಹಿತ್ತಿಲಲ್ಲಿ ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ. ಹೊಸ ಟೆಲಿಸ್ಕೋಪ್ ತಂದಿದ್ದೆ. ಚುಕ್ಕಿ ಮೂಡುವ ಮೊದಲು ಕೈ ಪಳಗಲೆಂದು ತೋಟದ ಕೊನೆಯ ತೆಂಗಿನಮರಕ್ಕೆ ಗುರಿಯಿಟ್ಟೆ. ಟೆಲಿಸ್ಕೋಪಿನಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತದೆ. ಮರದ ಬುಡ ಮೇಲಿತ್ತು, ಗರಿ ಕೆಳಗಿತ್ತು. ಗರಿಗಳ ನಡುವೆ ಒಬ್ಬ ನೆಟ್ಟಗೆ ನಿಂತಿದ್ದ.

“ಯಾವನೋ ಕಾಯಿ ಕದೀತಾವ್ನೆ ಕಣೇ,” ಎಂದೆ.

“ಆ ಮರದ ಕಾಯಿ ಮೊನ್ನೇನೇ ಕೆಡವ್ಸಾಯ್ತಲ್ರೀ,” ಎನ್ನುತ್ತ ಹೆಂಡತಿ ಪವಿತ್ರಾ ಮೊದಲ ಸಲ ಟೆಲಿಸ್ಕೋಪಿಗೆ ಕಣ್ಣಿಟ್ಟಳು.

ನಾನು ಕೋಲು ಹಿಡಿದು ಮರದ ಬುಡಕ್ಕೇ ಹೋಗಿ ನಿಂತೆ. ಗಾಳಿಯಿರಲಿಲ್ಲ, ಆದರೂ ಮೇಲೆ ಗರಿ ಕೆರೆಯುವ ಸದ್ದು. ಹಿತ್ತಿಲಿನಿಂದ ಪವಿತ್ರಾ ಕೂಗಿದಳು: “ನಿಮ್ಮನ್ನ ಕಂಡು ಹೆದರ್ಕಂಡ ಕಣ್ರೀ! ಮೇಲಕ್ಕೆ ಹತ್ತುತಾವ್ನೆ!”

ಟೆಲಿಸ್ಕೋಪಿನಲ್ಲಿ ಮೇಲೆ ಎಂದರೆ ಮರದ ಬುಡ. ಅವನು ತಲೆ ಮುಂದು ಮಾಡಿಕೊಂಡು, ನಾನು ನಿಂತಲ್ಲಿಗೇ ಇಳಿಯುತ್ತಿದ್ದ.