ಅರ್ಧರ್ಧ

“ತಪ್ಪು ನಿಂದಲ್ಲ, ಪುಸ್ತಕದ್ದು,” ಎಂದ ದುರಗಪ್ಪ.

ಝೆರಾಕ್ಸ್ ಮಷಿನ್ನಿನ ಹಿಂದೆ ಸ್ಟೂಲಿನ ಮೇಲೆ ಕೂತಿದ್ದ ಸೃಷ್ಟಿಗೆ ಅಪ್ಪನ ಮಾತಿನ ಮೇಲೆ ಪೂರ್ತಿ ನಂಬಿಕೆ ಬರಲಿಲ್ಲ. ಲೆಕ್ಕ ಚಿಕ್ಕದು. ಆರನ್ನು ಅರ್ಧದಿಂದ ಭಾಗಿಸಿ. ಅವಳು ಮೂರು ಎಂದು ಬರೆದಿದ್ದಳು. ಪುಸ್ತಕದ ಕೊನೆಯಲ್ಲಿದ್ದ ಉತ್ತರಗಳ ಪುಟ ಹನ್ನೆರಡು ಎನ್ನುತ್ತಿತ್ತು.

“ಆರರಾಗ ಅರ್ಧಾ ಅಂದ್ರ ಮೂರು,” ಅಪ್ಪ ಕಾಗದದ ಕಟ್ಟು ಬಿಚ್ಚುತ್ತ ಹೇಳಿದ. “ನಮ್ಮ ಅಂಗಡಿ ಬೆಕ್ಕಿಗೆ ಕೇಳಿದ್ರೂ ಹೇಳತೈತಿ.”

ಬೆಕ್ಕು ಏನೂ ಹೇಳಲಿಲ್ಲ. ಅದು ಮಷಿನ್ನಿನ ಬೆಚ್ಚನೆಯ ಬೆನ್ನಿನ ಮೇಲೆ ಮಲಗಿತ್ತು. ಆ ದಿನಗಳಲ್ಲಿ ಧಾರವಾಡದಲ್ಲಿ ಗಣಿತದ ಬಗ್ಗೆ ಏನೂ ಹೇಳದೆ ಇದ್ದದ್ದು ಬಹುಶಃ ಅದೊಂದೇ.

ಆ ವರ್ಷ ಸರಕಾರಿ ಶಾಲೆಗಳಿಗೆ ಹೊಸ ಗಣಿತ ಪುಸ್ತಕ ಬಂದಿತ್ತು. ಮೊದಲು ಹಿಂದಿನ ರಟ್ಟಿನ ಮೇಲೆ ಇರುತ್ತಿದ್ದ ಮಗ್ಗಿ ಈಗ ಇರಲಿಲ್ಲ. ಮಕ್ಕಳು ಬಾಯಿಪಾಠ ಮಾಡುವುದು ಬೇಡ, ತಾವೇ ಕಂಡುಹಿಡಿಯಲಿ ಎಂದು ಮೊದಲ ಪುಟದಲ್ಲಿ ಬರೆದಿತ್ತು. ಅದನ್ನು ಓದಿ ಅರ್ಧ ಊರಿಗೆ ಸಿಟ್ಟು ಬಂತು. ಅವರ ಸಿಟ್ಟು ನೋಡಿ ಇನ್ನರ್ಧ ಊರಿಗೆ ಸಿಟ್ಟು ಬಂತು. ಧಾರವಾಡದಲ್ಲಿ ಸಿಟ್ಟು ಬಂದರೆ ಯಾರೂ ಕೈ ಎತ್ತುವುದಿಲ್ಲ, ಸಮಿತಿ ಮಾಡುತ್ತಾರೆ.

ಮಗ್ಗಿ ಬೇಕು ಎನ್ನುವವರು ‘ಮಗ್ಗಿ ಉಳಿಸಿ ಸಮಿತಿ’ ಮಾಡಿದರು. ಬೇಡ ಎನ್ನುವವರು ‘ಹೊಸ ಗಣಿತ ವೇದಿಕೆ’ ಮಾಡಿದರು. ಇಬ್ಬರ ಕರಪತ್ರಗಳೂ ಕೆಲಗೇರಿ ರಸ್ತೆಯ ದುರಗಪ್ಪನ ಅಂಗಡಿಯಲ್ಲೇ ಝೆರಾಕ್ಸ್ ಆಗುತ್ತಿದ್ದವು. ಮಷಿನ್ನಿಗೆ ಪಕ್ಷಪಾತ ಇರಲಿಲ್ಲ.

ಅಷ್ಟರಲ್ಲಿ ಮಗ್ಗಿ ಉಳಿಸಿ ಸಮಿತಿಯ ಅಧ್ಯಕ್ಷರಾದ ರಮಾಕಾಂತರು ಹೊಸದೊಂದು ಕರಪತ್ರ ಹಿಡಿದು ಬಂದರು. ಅವರು ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಅವರ ಮೊಮ್ಮಕ್ಕಳು ಹುಬ್ಬಳ್ಳಿಯ ದೊಡ್ಡ ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದರು. ಅಲ್ಲಿ ಮಗ್ಗಿ ಇದೆಯೋ ಇಲ್ಲವೋ ಅವರು ಕೇಳಿರಲಿಲ್ಲ. ಸರಕಾರಿ ಶಾಲೆಯ ಮಕ್ಕಳ ಚಿಂತೆಯಲ್ಲಿ ಅದಕ್ಕೆಲ್ಲ ಪುರಸೊತ್ತು ಎಲ್ಲಿ?

ದುರಗಪ್ಪ ಮಗಳ ಪುಸ್ತಕ ತೋರಿಸಿದ. ರಮಾಕಾಂತರು ಕನ್ನಡಕ ಏರಿಸಿ ಎರಡು ಸಲ ಓದಿದರು. ಅವರ ಮುಖ ಅರಳಿತು.

“ಅಲ್ರಿ ದುರಗಪ್ಪ, ಭಾಗ ಆದಮ್ಯಾಲೆ ಹೊಲಾ ಹೆಚ್ಚಾಗಿದ್ದು ಎಲ್ಲೆರೆ ಕಂಡೀರೇನು?”

ದುರಗಪ್ಪ ಕಂಡಿರಲಿಲ್ಲ. ಹೆಬ್ಬಳ್ಳಿಯ ಹೊಲ ಅಣ್ಣತಮ್ಮಂದಿರ ನಡುವೆ ಭಾಗವಾದಾಗ ಅವನ ಪಾಲಿಗೆ ಬಂದದ್ದು ಎರಡು ಬೇವಿನ ಮರ ಮತ್ತು ಅವುಗಳ ನೆರಳು.

“ಆರನ್ನ ಭಾಗಿಸಿದ್ರ ಹನ್ನೆರಡಂತ. ಇದನ್ನ ಕಲಿಸ್ಲಿಕ್ಕತ್ತಾರ ನೋಡ್ರಿ ಮಕ್ಕಳಿಗೆ,” ಎಂದರು ರಮಾಕಾಂತರು. ಆಮೇಲೆ ಸೃಷ್ಟಿಯ ಕಡೆ ತಿರುಗಿ ಯಾವ ಶಾಲೆ, ಯಾವ ಕ್ಲಾಸು ಎಂದು ಕೇಳಿದರು. ಸರಕಾರಿ ಶಾಲೆ, ಆರನೇ ಕ್ಲಾಸು ಎಂದಾಗ ಅವರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅವರ ಸಮಿತಿಯಲ್ಲಿ ವಕೀಲರಿದ್ದರು, ಡಾಕ್ಟರಿದ್ದರು, ಸಿತಾರ ಬಾರಿಸುವವರೂ ಇದ್ದರು. ಸರಕಾರಿ ಶಾಲೆಯ ಮಗು ಮಾತ್ರ ಒಂದೂ ಇರಲಿಲ್ಲ.

ಮರುದಿನ ಫೋಟೊ ತೆಗೆಯುವವನು ಬಂದ. ಪುಸ್ತಕ ಹಿಡಿದು ನಿಂತ ಸೃಷ್ಟಿಗೆ ಕ್ಯಾಮೆರಾ ನೋಡಿ ನಗು ಬಂತು.

“ನಗಬ್ಯಾಡ ತಂಗಿ,” ಎಂದರು ರಮಾಕಾಂತರು. “ನಿನಗ ಅನ್ಯಾಯ ಆಗೇದ.”

ಪೇಪರಿನಲ್ಲಿ ಫೋಟೊ ಬಂತು. ಮೇಲೆ ದಪ್ಪ ಅಕ್ಷರದಲ್ಲಿ ‘ಆರರಲ್ಲಿ ಅರ್ಧ ಹನ್ನೆರಡಂತೆ!’ ಎಂದಿತ್ತು. ಪುಸ್ತಕದಲ್ಲಿ ಹಾಗೆ ಇರಲಿಲ್ಲವಲ್ಲ ಎಂದು ಸೃಷ್ಟಿಗೆ ಅನ್ನಿಸಿತು. ಆದರೆ ಪೇಪರಿನಲ್ಲಿ ಬಂದದ್ದನ್ನು ಪುಸ್ತಕದ ಜೊತೆ ಹೋಲಿಸಿ ನೋಡುವ ರೂಢಿ ಊರಿನಲ್ಲಿ ಯಾರಿಗೂ ಇರಲಿಲ್ಲ.

ಹೊಸ ಗಣಿತ ವೇದಿಕೆಯ ವೃಂದಾ ಮೇಡಂ ಸುಮ್ಮನಿರುತ್ತಾರೆಯೇ? ಅವರು ಮಾರನೆಯ ದಿನವೇ ಉತ್ತರ ಕೊಟ್ಟರು. ಹನ್ನೆರಡು ಎಂಬುದು ಅಚ್ಚಿನ ದೋಷ, ಎಲ್ಲರೂ ಅದನ್ನು ಮೂರು ಎಂದು ತಿದ್ದಿ ಓದಿಕೊಳ್ಳಬೇಕು, ಒಂದು ಅಚ್ಚಿನ ದೋಷಕ್ಕಾಗಿ ಇಷ್ಟು ಒಳ್ಳೆಯ ಪುಸ್ತಕವನ್ನು ಹಳಿಯಬಾರದು ಎಂದರು.

ಎರಡು ಸಮಿತಿಗಳು ಒಪ್ಪಿದ ಮೇಲೆ ಪುಸ್ತಕಕ್ಕೆ ಹೇಳಿಕೊಳ್ಳಲು ಇನ್ನೇನು ಉಳಿದಿತ್ತು?

ಸೃಷ್ಟಿ ಸುಮ್ಮನೆ ಬಿಡಲಿಲ್ಲ. ಗಣಿತದ ರಜನಿ ಟೀಚರನ್ನು ಕೇಳಿದಳು. ಟೀಚರ್ ಬಾಯಿ ತೆರೆದರು. ಆಮೇಲೆ ಗೋಡೆಗೆ ಅಂಟಿಸಿದ್ದ ಸುತ್ತೋಲೆಯ ಕಡೆ ನೋಡಿದರು. ಹೊಸ ಪುಸ್ತಕದ ವಿವಾದದ ಬಗ್ಗೆ ಶಿಕ್ಷಕರು ಮಾತಾಡಬಾರದು ಎಂದು ಅದರಲ್ಲಿತ್ತು. ಪೇಪರಿನಲ್ಲಿ ಬಂದ ಆ ಪುಟವನ್ನು ಬಿಟ್ಟು ಮುಂದಿನದು ಮಾಡಿರಿ ಎಂದು ಹೆಡ್‌ಮಾಸ್ತರರೂ ಹೇಳಿದ್ದರು. ಗಣಿತದ ಬಗ್ಗೆ ಊರಲ್ಲಿ ಯಾರು ಬೇಕಾದರೂ ಮಾತಾಡಬಹುದಿತ್ತು, ಗಣಿತದ ಟೀಚರ್ ಒಬ್ಬರನ್ನು ಬಿಟ್ಟು.

ರಜನಿ ಟೀಚರ್ ದನಿ ತಗ್ಗಿಸಿದರು. “ಆರರಾಗ ಅರ್ಧ ಎಷ್ಟು ಅಂತ ಕೇಳಿದ್ರ ಮೂರು ಬರೋಬ್ಬರಿ ಐತಿ. ಪುಸ್ತಕ ಅದನ್ನ ಕೇಳೇತೇನು? ಇನ್ನೊಮ್ಮೆ ಓದು.”

“ಅಷ್ಟ ಏನ್ರಿ ಟೀಚರ್?”

“ಏನ್ ಮಾಡ್ಲಿ? ಹೊಸ ಪುಸ್ತಕದ ಪ್ರಕಾರ ನಾ ಉತ್ತರ ಹೇಳೂಹಂಗಿಲ್ಲ. ಹಳೇ ಪುಸ್ತಕದ ಪ್ರಕಾರ ನೀ ಪ್ರಶ್ನಿ ಕೇಳೂಹಂಗಿಲ್ಲ.”

ಸೃಷ್ಟಿ ಇನ್ನೊಮ್ಮೆ ಓದಿದಳು. ಮತ್ತೊಮ್ಮೆ ಓದಿದಳು. ಪ್ರಶ್ನೆ ಬೇರೆ ಎಂಬುದೇನೋ ಗೊತ್ತಾಯಿತು. ಏನು ಬೇರೆ ಎಂದು ಗೊತ್ತಾಗಲಿಲ್ಲ.

ಇತ್ತ ಮಗಳ ಫೋಟೊ ಬಂದ ಮೇಲೆ ದುರಗಪ್ಪ ಮಗ್ಗಿ ಉಳಿಸಿ ಸಮಿತಿಯ ಉಪಾಧ್ಯಕ್ಷನಾಗಿದ್ದ. ಇಷ್ಟು ವರ್ಷ ಊರಿನ ಎಷ್ಟೋ ಸಭೆಗಳಿಗೆ ಅವನು ಹೋಗಿದ್ದುಂಟು. ಕರಪತ್ರದ ಕಟ್ಟು ಕೊಟ್ಟು, ಬಾಗಿಲ ಹತ್ತಿರ ನಿಂತು, ಚಹಾ ಸಿಕ್ಕರೆ ಕುಡಿದು ಬರುತ್ತಿದ್ದ. ಈಗ ಭಾನುವಾರ ಕೆರೆಯ ಹತ್ತಿರದ ಸಮುದಾಯ ಭವನದಲ್ಲಿ ಎರಡೂ ಸಮಿತಿಗಳ ಸಭೆ. ವೇದಿಕೆಯ ಮೇಲೆ ಅವನಿಗೊಂದು ಕುರ್ಚಿ. ಸೃಷ್ಟಿಯೂ ಮೈಕಿನ ಮುಂದೆ ಬಂದು ಉತ್ತರ ಹೇಳಬೇಕು. ಅವನು ಬಿಳಿ ಅಂಗಿಗೆ ತಾನೇ ಇಸ್ತ್ರಿ ಹಾಕಿದ. ಕಾಲರಿಗೆ ಎರಡು ಸಲ ಹಾಕಿದ.

“ಅಪ್ಪಾ, ಪ್ರಶ್ನಿ ಬ್ಯಾರೆ ಇದ್ರ?” ಊಟದ ಹೊತ್ತಿಗೆ ಸೃಷ್ಟಿ ಕೇಳಿದಳು.

ದುರಗಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ.

“ನೀ ಮೂರು ಅನ್ನು ಸಾಕು. ಇಷ್ಟ ದಿನದಾಗ ಯಾರೂ ನನ್ನ ಸ್ಟೇಜಿನ ಮ್ಯಾಲೆ ಕರದು ಕುಂದರಿಸಿಲ್ಲವ್ವ.”

ಸೃಷ್ಟಿ ಹೂಂ ಎಂದಳು. ಪಲ್ಯ ಖಾರ ಇತ್ತು, ಆದರೂ ನೀರು ಕೇಳಲಿಲ್ಲ.

ಭಾನುವಾರ ಎರಡೂ ಸಮಿತಿಯವರು ತಮ್ಮ ಜನ ಕಡಿಮೆ ಕಾಣಬಾರದೆಂದು ನೆಂಟರನ್ನೂ ಕರೆತಂದಿದ್ದರು. ಭವನ ತುಂಬಿತು. ಬಂದವರಿಗೆ ಕೊಡಲು ಅಮರಗೋಳದ ಮಾರುಕಟ್ಟೆಯಿಂದ ದುರಗಪ್ಪ ಬಾಳೆಹಣ್ಣು ತಂದಿದ್ದ. ಪಕ್ಕದ ಮೇಜಿನ ಹತ್ತಿರ ಸೃಷ್ಟಿ ಮತ್ತು ಅವಳ ಕ್ಲಾಸಿನ ಗುಲ್ನಾಜ ನಿಂತಿದ್ದರು. ಮಕ್ಕಳಿಗಾಗಿಯೇ ನಡೆದ ಸಭೆಯಲ್ಲಿ ಮಕ್ಕಳೆಂದರೆ ಅವರಿಬ್ಬರೇ. ಅವರಿಗೂ ಕೂರಲು ಕುರ್ಚಿ ಉಳಿದಿರಲಿಲ್ಲ.

ಎದೆಗೆ ಬ್ಯಾಡ್ಜ್ ಸಿಕ್ಕಿಸಿಕೊಂಡ ದುರಗಪ್ಪ ಓಡಿ ಬಂದ.

“ಮಂದಿ ಭಾಳ ಆಗ್ಯಾರ. ಇಡೀ ಹಣ್ಣು ಕೊಡಬ್ಯಾಡ್ರಿ, ಅರ್ಧರ್ಧ ಮಾಡ್ರಿ. ಒಂದ ಪ್ಲೇಟಿಗೆ ಆರು ಹಣ್ಣು, ಒಂದ ಸಾಲಿಗೆ ಒಂದ ಪ್ಲೇಟು.” ಅಷ್ಟು ಹೇಳಿ ವೇದಿಕೆಗೆ ಓಡಿದ.

ಗುಲ್ನಾಜ ಕುರ್ಚಿಗಳ ಕಡೆ ನೋಡಿದಳು. “ಒಂದ ಸಾಲಿನ್ಯಾಗ ಹನ್ನೆರಡು ಮಂದಿ ಕುಂತಾರ. ಆರು ಹಣ್ಣು ಹೆಂಗ ಸಾಲ್ತಾವ ಮಾರಾಯ್ತಿ?”

“ಅರ್ಧರ್ಧ ಅಂದಾನಲ್ಲ,” ಎಂದಳು ಸೃಷ್ಟಿ.

ಗುಲ್ನಾಜ ಸಿಪ್ಪೆಯ ಸಮೇತ ಹಣ್ಣುಗಳನ್ನು ಕೊಯ್ದಳು. ಸೃಷ್ಟಿ ಪ್ಲೇಟು ಹಿಡಿದು ಮೊದಲ ಸಾಲಿಗೆ ಹೋದಳು. ಒಬ್ಬೊಬ್ಬರು ಒಂದೊಂದು ತುಂಡು ತೆಗೆದುಕೊಂಡರು. ಕೊನೆಯ ಕುರ್ಚಿಯ ಅಜ್ಜ ಕೊನೆಯ ತುಂಡು ತೆಗೆದುಕೊಂಡರು. ಪ್ಲೇಟು ಖಾಲಿಯಾಯಿತು.

ಸೃಷ್ಟಿ ಅಲ್ಲೇ ನಿಂತಳು. ಖಾಲಿ ಪ್ಲೇಟನ್ನು ನೋಡಿದಳು. ಸಾಲನ್ನು ನೋಡಿದಳು. ಅಜ್ಜನ ಕೈಯಲ್ಲಿದ್ದ ತುಂಡನ್ನು ನೋಡಿದಳು. ಈ ಹುಡುಗಿ ವಾಪಸ್ ಕೇಳುತ್ತಾಳೇನೋ ಎಂದು ಅಜ್ಜ ಅದನ್ನು ಬೇಗ ಬೇಗ ಬಾಯಿಗೆ ಹಾಕಿಕೊಂಡರು.

ಆರು ಹಣ್ಣಿನಲ್ಲಿ ಅರ್ಧ ಎಂದರೆ ಮೂರು. ಆದರೆ ಅಪ್ಪ ಅರ್ಧ ಎನ್ನಲಿಲ್ಲ, ಅರ್ಧರ್ಧ ಎಂದ. ಒಬ್ಬೊಬ್ಬರಿಗೆ ಅರ್ಧದಂತೆ ಕೊಟ್ಟರೆ ಆರು ಹಣ್ಣು ಎಷ್ಟು ಜನಕ್ಕೆ ಬರುತ್ತವೆ? ಪುಸ್ತಕ ಕೇಳಿದ್ದೂ ಅದನ್ನೇ. ಇನ್ನೊಂದು ‘ಅರ್ಧ’ವನ್ನು ಬಾಯಲ್ಲೇ ನುಂಗಿ ಕೇಳಿತ್ತು.

“ಗುಲ್ನಾಜ, ಹನ್ನೆರಡು,” ಎಂದಳು ಮೇಜಿನ ಹತ್ತಿರ ಬಂದು.

“ಹನ್ನೆರಡ ಮತ್ತ. ಇನ್ನೆಷ್ಟು ಬರ್ತಾವ?” ಎಂದಳು ಗುಲ್ನಾಜ ಮುಂದಿನ ಹಣ್ಣು ಕೊಯ್ಯುತ್ತ.

ವೇದಿಕೆಗೂ ಒಂದು ಪ್ಲೇಟು ಹೋಯಿತು. ರಮಾಕಾಂತರು ಅರ್ಧ ತಿಂದರು, ವೃಂದಾ ಮೇಡಂ ಅರ್ಧ ತಿಂದರು. ಉತ್ತರವನ್ನು ಸಿಪ್ಪೆ ಸುಲಿದು ತಿಂದು ಮುಗಿಸಿ, ಅದು ಮೂರೇ ಎಂದು ಇಬ್ಬರೂ ಮತ್ತೆ ಭಾಷಣ ಮಾಡಿದರು.

ಅಪ್ಪನಿಗೆ ಹೇಳಬೇಕೆಂದು ಸೃಷ್ಟಿ ವೇದಿಕೆಯ ಮೆಟ್ಟಿಲ ತನಕ ಹೋದಳು. ಆಗಲೇ ಅವನಿಗೆ ಶಾಲು ಹೊದಿಸುತ್ತಿದ್ದರು. ವೇದಿಕೆಯ ಕೊನೆಯ ಕುರ್ಚಿಯಲ್ಲಿ ಅವನು ಬೆನ್ನು ನೆಟ್ಟಗೆ ಮಾಡಿ, ಕೈಗಳನ್ನು ತೊಡೆಯ ಮೇಲಿಟ್ಟು ಕೂತಿದ್ದ. ಒರಗಿದರೆ ಕುರ್ಚಿ ಎಲ್ಲಿ ಹೋಗಿಬಿಡುತ್ತದೋ ಎಂಬಂತೆ. ಮಗಳನ್ನು ಕಂಡು ಯಾರಿಗೂ ಕಾಣದ ಹಾಗೆ ಮೂರು ಬೆರಳು ತೋರಿಸಿದ.

ಸೃಷ್ಟಿ ಮೆಟ್ಟಿಲ ಮೇಲಿಟ್ಟ ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು.

ಅವಳ ಹೆಸರು ಕೂಗಿದರು. ರಮಾಕಾಂತರು ಮೈಕು ಬಗ್ಗಿಸಿ ಕೊಟ್ಟರು. “ಹೇಳು ತಂಗಿ. ಆರನ್ನು ಅರ್ಧದಿಂದ ಭಾಗಿಸಿದರೆ ಎಷ್ಟು? ಎಲ್ಲಾರಿಗೂ ಕೇಳೂಹಂಗ ಹೇಳು.”

ಅವಳು ಅಪ್ಪನ ಕಡೆ ನೋಡಿದಳು. ಬಿಳಿ ಅಂಗಿಯ ಕಾಲರು ನೆಟ್ಟಗಿತ್ತು. ಆಮೇಲೆ ಕೆಳಗೆ ನೋಡಿದಳು. ಸಾಲುಸಾಲಾಗಿ ಎಲ್ಲರ ಕೈಯಲ್ಲೂ ಅರ್ಧ ಹಣ್ಣಿನ ಸಿಪ್ಪೆ.

“ಅರ್ಧಾ ಮಾಡಿದ್ರ ಮೂರ್ರಿ,” ಎಂದಳು. ಚಪ್ಪಾಳೆ ಶುರುವಾಯಿತು. ಅವಳು ಮೈಕು ಬಿಡಲಿಲ್ಲ. “ಅರ್ಧರ್ಧ ಮಾಡಿದ್ರ ಹನ್ನೆರಡ್ರಿ. ಪುಸ್ತಕದಾಗ ಅರ್ಧರ್ಧ ಕೇಳ್ಯಾರ್ರಿ.”

ಚಪ್ಪಾಳೆ ನಡುವೆಯೇ ನಿಂತಿತು. ಮೈಕು ಒಮ್ಮೆ ಕುಂಯ್ ಎಂದಿತು.

ರಮಾಕಾಂತರು ಮೊದಲು ಸಾವರಿಸಿಕೊಂಡರು. ನೋಡಿದಿರಾ, ಈ ಪುಸ್ತಕ ಒಂದು ಲೆಕ್ಕಕ್ಕೆ ಎರಡೆರಡು ಉತ್ತರ ಕಲಿಸಿ ಮಗುವಿನ ತಲೆ ಕೆಡಿಸಿದೆ ಎಂದರು. ಅವರ ಕಡೆಯವರು ಚಪ್ಪಾಳೆ ಹೊಡೆದರು. ವೃಂದಾ ಮೇಡಂ ಎದ್ದು, ಮಗು ತಾನೇ ಎರಡು ಉತ್ತರ ಕಂಡುಹಿಡಿದಿದೆ, ಇದಕ್ಕೇ ಹೊಸ ಗಣಿತ ಎನ್ನುವುದು, ಆದರೂ ಸರಿಯಾದದ್ದು ಮೂರು ಎಂದರು. ಅವರ ಕಡೆಯವರು ಇನ್ನೂ ಜೋರಾಗಿ ಹೊಡೆದರು. ಎಲ್ಲರಿಗೂ ಸಮಾಧಾನವಾಯಿತು. ಜಗಳ ಮೊದಲಿನಂತೆ ಮುಂದುವರಿಯಿತು.

ಗೋಡೆಯ ಪಕ್ಕ ನಿಂತಿದ್ದ ರಜನಿ ಟೀಚರ್ ಚಪ್ಪಾಳೆ ಹೊಡೆಯಲಿಲ್ಲ. ಸುತ್ತೋಲೆಯಲ್ಲಿ ನಗಬಾರದು ಎಂದು ಬರೆದಿರಲಿಲ್ಲ, ಅದಕ್ಕೆ ನಕ್ಕರು.

ಸೃಷ್ಟಿ ಅಪ್ಪನ ಮುಖ ನೋಡದೆ ಮೆಟ್ಟಿಲಿಳಿದಳು. ಮೇಜಿನ ಹತ್ತಿರ ಬಂದು ಪ್ಲೇಟು ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು.

ಸ್ವಲ್ಪ ಹೊತ್ತಿಗೆ ಎದುರಿಗೆ ಯಾರೋ ಬಂದು ನಿಂತರು. ಅಪ್ಪ. ಹೆಗಲ ಮೇಲೆ ಶಾಲು ಹಾಗೇ ಇತ್ತು. ಅವನು ಗೊನೆಯಿಂದ ಆರು ಹಣ್ಣು ಕಿತ್ತು ಮೇಜಿನ ಮೇಲೆ ಸಾಲಾಗಿ ಇಟ್ಟ. ಗುಲ್ನಾಜಳ ಕೈಯಿಂದ ಚಾಕು ತೆಗೆದುಕೊಂಡ. ಒಂದೊಂದನ್ನೇ ಕೊಯ್ದ. ಆಮೇಲೆ ತುಂಡುಗಳ ಮೇಲೆ ಬೆರಳಿಟ್ಟು, ತುಟಿಯಲ್ಲೇ ಎಣಿಸಿದ. ಕೊನೆಗೆ ಬಂದವನು ಮತ್ತೆ ಮೊದಲಿಂದ ಎಣಿಸಿದ.

“ಪುಸ್ತಕ ಬರೋಬ್ಬರಿ ಐತಿ,” ಎಂದ.

“ಹೂಂ,” ಎಂದಳು ಸೃಷ್ಟಿ.

“ಅರ್ಧರ್ಧ ಮಾಡ್ರಿ ಅಂತ ನಾನ ಹೇಳಿ ಹೋಗಿದ್ದೆ.”

“ಹೂಂ.”

“ಹೇಳಾಕ ಬಂದಿದ್ದಿ ಅಲ್ಲ, ಮೆಟ್ಲದ ತನಕ?”

ಸೃಷ್ಟಿ ತಲೆಯಾಡಿಸಿದಳು. ದುರಗಪ್ಪ ಅಂಗಡಿ ಬೆಕ್ಕಿಗೂ ಉತ್ತರ ಗೊತ್ತು ಎಂದದ್ದು ನೆನಪಾದವನಂತೆ ಮೂಗಿನಲ್ಲಿ ಸಣ್ಣಗೆ ನಕ್ಕ. ಚಾಕು ಅಂಟಂಟಾಗಿತ್ತು. ಒರೆಸಲು ಬಟ್ಟೆ ಹುಡುಕಿದ. ಸಿಗಲಿಲ್ಲ. ಶಾಲಿನ ಅಂಚಿನಿಂದಲೇ ಒರೆಸಿದ.

ಸೃಷ್ಟಿ ವೇದಿಕೆಯ ಕಡೆ ನೋಡಿದಳು. ಅಲ್ಲಿ ಯಾರೋ ಇನ್ನೂ ಮೂರು, ಮೂರು ಎನ್ನುತ್ತಿದ್ದರು. ಕೊನೆಯ ಕುರ್ಚಿ ಖಾಲಿ ಇತ್ತು. ಆಗಲೇ ಅದರ ಮೇಲೆ ಯಾರದೋ ಕೈಚೀಲ ಕೂತಿತ್ತು. ಅಪ್ಪ ಆ ಕಡೆ ತಿರುಗಿಯೂ ನೋಡಲಿಲ್ಲ.

“ಹಿಂದಿನ ಸಾಲು ಉಳದೈತಿ. ನಡಿ,” ಎಂದ ಅವನು.

ಸೃಷ್ಟಿ ಪ್ಲೇಟಿನ ಒಂದು ಅಂಚು ಹಿಡಿದಳು. ಇನ್ನೊಂದನ್ನು ಅಪ್ಪ ಹಿಡಿದ.